ಒಂದೇ ‘ಕೋಲಾ’: ಬಾಲವೂ ಹೌದು, ಅಂಟೂ ಹೌದು

ಸ್ಪ್ಯಾನಿಷ್‌ನಲ್ಲಿ ನಾಯಿ ಅಲ್ಲಾಡಿಸುವುದು ‘ಕೋಲಾ’, ಟಿಕೆಟ್‌ಗಾಗಿ ಜನ ನಿಲ್ಲುವ ಸರದಿ ಸಾಲು ‘ಕೋಲಾ’, ಬಡಗಿ ಹಲಗೆಗೆ ಬಳಿಯುವ ಅಂಟು ‘ಕೋಲಾ’, ಬಾಟಲಿಯ ತಂಪು ಪಾನೀಯವೂ ‘ಕೋಲಾ’. ಗಾಬರಿ ಬೇಡ. ಬಾಲಕೃಷ್ಣನ ಬಾಲವನ್ನೂ ಹನುಮಂತನ ಬಾಲವನ್ನೂ ನಾವು ಎಂದಾದರೂ ಬೆರೆಸಿಕೊಂಡಿದ್ದೇವೆಯೇ?

ಮೊದಲು ನಿಘಂಟು ತೆರೆಯಿರಿ. 1713ರಲ್ಲಿ ಸ್ಥಾಪನೆಯಾದ ಸ್ಪೇನಿನ ರಾಯಲ್ ಅಕಾಡೆಮಿಯ ನಿಘಂಟು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಅಲ್ಲಿ ಕೋಲಾಕ್ಕೆ ಒಂದು, ಎರಡು ಎಂದು ಸಂಖ್ಯೆ ಹಾಕಿದ ಬೇರೆ ಬೇರೆ ನಮೂದುಗಳಿವೆ. ಬಾಲ ಲ್ಯಾಟಿನ್‌ನಿಂದ ಬಂದದ್ದು, ಅಂಟು ಮೂಲತಃ ಗ್ರೀಕ್, ಪಾನೀಯದ ಹೆಸರು ಆಫ್ರಿಕಾದ ಕೋಲಾ ಬೀಜದ್ದು. ಸರದಿ ಸಾಲಿಗೆ ಪ್ರತ್ಯೇಕ ನಮೂದಿಲ್ಲ, ಅದು ಬಾಲದ್ದೇ ಮರಿ. ಫ್ಲಮೆಂಕೊ ನರ್ತಕಿಯ ಹಿಂದೆ ನೆಲ ಗುಡಿಸುವ ಉಡುಪಿನ ಸೆರಗು, ಧೂಮಕೇತುವಿನ ಬೆಳಕಿನ ಗೆರೆ ಕೂಡ ಅದೇ ಸಂಸಾರ. ಹತ್ತು ಅರ್ಥಗಳನ್ನು ಉರು ಹೊಡೆಯುವ ಬದಲು ಮೂರು ಬೇರು ನೆನಪಿಟ್ಟರೆ ಸಾಕು.

ಪದದ ಹಿಂದಿನ ‘ಎಲ್’ ಪುಲ್ಲಿಂಗದ ಗುರುತು, ‘ಲಾ’ ಸ್ತ್ರೀಲಿಂಗದ್ದು. ಈ ಲಿಂಗ ನೋಡಿ ಅರ್ಥ ಹಿಡಿಯುವ ಉಪಾಯ ಕೆಲವು ಪದಗಳಿಗೆ ನಡೆಯುತ್ತದೆ: ‘ಎಲ್ ಕೊಮೆತಾ’ ಧೂಮಕೇತು, ‘ಲಾ ಕೊಮೆತಾ’ ಗಾಳಿಪಟ. ಇಲ್ಲಿ ಅದು ಕೈಕೊಡುತ್ತದೆ, ಎಲ್ಲವೂ ‘ಲಾ ಕೋಲಾ’.

ಆದ್ದರಿಂದ ಕ್ರಿಯಾಪದವನ್ನು ಹಿಡಿಯಿರಿ. ನೋಟ್‌ಬುಕ್ಕಿನಲ್ಲಿ ‘ಕೋಲಾ = ಬಾಲ, ಸಾಲು, ಅಂಟು’ ಎಂದು ಬರೆಯುವುದು ಶುದ್ಧ ದಂಡ. ‘ಮೊವೆರ್ ಲಾ ಕೋಲಾ’ ಎಂದರೆ ಬಾಲ ಅಲ್ಲಾಡಿಸುವುದು, ‘ಅಸೆರ್ ಕೋಲಾ’ ಎಂದರೆ ಸಾಲಿನಲ್ಲಿ ನಿಲ್ಲುವುದು, ‘ಪೆಗಾರ್ ಕೊನ್ ಕೋಲಾ’ ಎಂದರೆ ಅಂಟು ಹಾಕಿ ಅಂಟಿಸುವುದು. ಹೀಗೆ ಜೋಡಿಯಾಗಿ ಬರೆದು, ಜೋಡಿಯಾಗಿಯೇ ಬಾಯಲ್ಲಿ ಹೇಳಿಕೊಳ್ಳಿ.

ಬಳಿಕ ಪ್ರತಿ ಜೋಡಿಗೂ ಒಂದು ದೃಶ್ಯ ಕಟ್ಟಿಕೊಳ್ಳಿ. ಸ್ಪೇನಿನ ಮಾರುಕಟ್ಟೆಯ ಮೀನಿನ ಅಂಗಡಿಯ ಮುಂದೆ ಜನ ಚೆದುರಿ ನಿಂತಿರುತ್ತಾರೆ, ಸಾಲು ಕಣ್ಣಿಗೆ ಕಾಣುವುದೇ ಇಲ್ಲ. ಹೊಸಬರು ಬಂದವರೇ ‘ಕಿಯೆನ್ ಎಸ್ ಎಲ್ ಉಲ್ತಿಮೊ?’ ಎಂದು ಕೇಳುತ್ತಾರೆ, ಕೊನೆಯವರು ಯಾರು ಎಂದು. ಯಾರೋ ಕೈ ಎತ್ತುತ್ತಾರೆ. ಅವರ ಹಿಂದೆ ನಿಮ್ಮ ಸರದಿ. ಕಾಣದ ಈ ಸಾಲೂ ‘ಕೋಲಾ’ವೇ. ಈ ದೃಶ್ಯ ಒಮ್ಮೆ ಮನಸ್ಸಿನಲ್ಲಿ ಕೂತರೆ ಪದ ಮರೆಯುವುದಿಲ್ಲ.

ನುಡಿಗಟ್ಟುಗಳಿಗೆ ಕೈ ಹಾಕುವುದು ಆಮೇಲೆ. ನನಗೆ ಇಷ್ಟವಾದದ್ದು ‘ನೊ ಪೆಗಾ ನಿ ಕೊನ್ ಕೋಲಾ’: ಅಂಟು ಹಾಕಿದರೂ ಅಂಟದು. ಪಂಚೆಯ ಮೇಲೆ ಟೈ ಕಟ್ಟಿಕೊಂಡವನನ್ನು ಕಂಡರೆ ಹೇಳಬಹುದಾದ ಮಾತು. ‘ಪೆಗಾರ್’ ಎಂಬುದಕ್ಕೆ ಅಂಟುವುದು, ಒಪ್ಪುವುದು ಎಂಬ ಎರಡೂ ಅರ್ಥಗಳಿರುವುದರಿಂದ ಈ ಚಮತ್ಕಾರ.

ಕೊನೆಗೆ, ಮಾತಾಡುತ್ತಿರುವವರು ಯಾವ ದೇಶದವರೆಂದು ಗಮನಿಸಿ. ವೆನೆಜುವೆಲಾದಲ್ಲಿ ಯಾರಾದರೂ ‘ಕೋಲಾ’ ಕೇಳಿದರೆ ಅವರಿಗೆ ಬೇಕಿರುವುದು ನಿಮ್ಮ ಕಾರಿನಲ್ಲಿ ಒಂದಿಷ್ಟು ಜಾಗ. ಅರ್ಜೆಂಟೀನಾದಲ್ಲಿ ಅದು ಕುಂಡಿಗೆ ಮನೆಮಂದಿ ಬಳಸುವ ಮೆತ್ತನೆಯ ಹೆಸರೂ ಹೌದು. ಅಲ್ಲಿನ ನರ್ಸ್ ಚುಚ್ಚುಮದ್ದಿನ ಸೂಜಿ ಹಿಡಿದು ‘ಎನ್ ಲಾ ಕೋಲಾ’ ಎಂದರೆ, ಎದ್ದು ಹೋಗಿ ಸಾಲಿನಲ್ಲಿ ನಿಲ್ಲಬೇಡಿ.