ಕೋರ್ಟ್ ನೋಟಿಸ್ ಬರುವ ಮುಂಚೆಯೇ ಉತ್ತರ ಕೊಟ್ಟೆವು

ನಮ್ಮ ವಿಶ್ವವಿದ್ಯಾಲಯದ ಮೇಲೆ ಈಗ ಬೀಳುವ ಸೇವಾ ಕೇಸುಗಳು, ಅಂದರೆ ನೌಕರರು ತಮ್ಮ ನೌಕರಿಯ ವಿಷಯಕ್ಕೆ ಹಾಕುವ ಕೇಸುಗಳು, ನಾನು ಕಾನೂನು ಅಧಿಕಾರಿಯಾಗಿ ಸೇರಿದಾಗ ಇದ್ದದ್ದರ ಅರ್ಧಕ್ಕೂ ಕಡಿಮೆ. ಇದು ಆಗೋ ಮಾತಲ್ಲ ಅಂದವರೇ ಜಾಸ್ತಿ ಇದ್ದರು. ಅದಕ್ಕೇ ಬರೆಯುತ್ತಿದ್ದೇನೆ.

ಆಗ ಕಾನೂನು ಕೋಶ ಅಂದರೆ ಬರೀ ಅಂಚೆ ಕಚೇರಿ. ನೋಟಿಸ್ ಬಂದರೆ ವಿಭಾಗಕ್ಕೆ ಕಳಿಸುವುದು, ಅರ್ಜಿಯ ಒಂದೊಂದು ಕಂಡಿಕೆಗೂ ಅವರು ಬರೆಯಬೇಕಾದ ಉತ್ತರಕ್ಕೆ ಕಾಯುವುದು, ಬಂದರೆ ನಮ್ಮ ಪರ ವಾದಿಸುವ ಪ್ಯಾನೆಲ್ ವಕೀಲರಿಗೆ ದಾಟಿಸುವುದು. ಉತ್ತರ ಮಾತ್ರ ಬರುತ್ತಿರಲಿಲ್ಲ. ಮೊದಲು ಒಂದೂವರೆ ಲಕ್ಷದಷ್ಟು ಖರ್ಚು ಮಾಡಿ ಕೇಸುಗಳ ತಾರೀಖು ತೋರಿಸುವ ಸಾಫ್ಟ್‌ವೇರ್ ಹಾಕಿಸಿದೆವು. ತಾರೀಖು ಚೆನ್ನಾಗಿ ಕಾಣಿಸಿತು, ಉತ್ತರ ಬರಲಿಲ್ಲ. ಕುಲಸಚಿವರ ಸಹಿಯಲ್ಲಿ ಜ್ಞಾಪನ ಕಳಿಸಿದೆವು. ಅದೂ ಕಡತ ಸೇರಿತು.

ಆಮೇಲೆ ಮುಗಿದ ಕೇಸುಗಳ ಕಡತ ತರಿಸಿ ಓದಿದೆ. ಹೈಕೋರ್ಟಿಗೆ ಹಾಕಿದ ಹೆಚ್ಚಿನ ರಿಟ್ ಅರ್ಜಿಗಳ ಹಿಂದೆ ನೌಕರರು ಕೊಟ್ಟ ಎರಡು ಮೂರು ಮನವಿ ಲಗತ್ತಾಗಿತ್ತು, ನಮ್ಮದೇ ಟಪಾಲು ಮೊಹರಿನ ಸಮೇತ. ಯಾವುದಕ್ಕೂ ನಾವು ಉತ್ತರ ಕೊಟ್ಟಿರಲಿಲ್ಲ. ಅವರು ಕೋರ್ಟಿನಲ್ಲಿ ಕೇಳಿದ್ದೂ ಇಷ್ಟೇ: ನನ್ನ ಮನವಿ ಪರಿಗಣಿಸಿ. ಕೋರ್ಟ್ ಇಂತಿಷ್ಟು ವಾರ ಅಂತ ಗಡುವು ಕೊಡುತ್ತದೆ. ಗಡುವು ಮೀರಿದರೆ ನ್ಯಾಯಾಂಗ ನಿಂದನೆ ಅರ್ಜಿ. ಒಂದು ಕಾಗದಕ್ಕೆ ಎರಡು ಸಲ ವಕೀಲರ ಫೀಸು. 2013ರಲ್ಲಿ ಹೈಕೋರ್ಟಿನ ಧಾರವಾಡ ಪೀಠ ಕಾಯಂ ಆದ ಮೇಲಂತೂ ನಮ್ಮ ಕಡೆಯ ನೌಕರರಿಗೆ ಕೋರ್ಟ್ ಬೆಳಿಗ್ಗೆ ಹೋಗಿ ಸಂಜೆ ಬರುವಷ್ಟು ಹತ್ತಿರ.

ನಾನು ಮಾಡಿದ್ದು ಇಷ್ಟು. ಸೇವೆಗೆ ಸಂಬಂಧಿಸಿದ ಮನವಿ ಬಂದ ದಿನವೇ ಒಂದು ಪ್ರತಿ ನನಗೆ ಬರಬೇಕು. ನಾನೇ ವಿಭಾಗಕ್ಕೆ ಹೋಗಿ ಕಡತ ನೋಡುವ ಕೇಸ್ ವರ್ಕರ್ ಪಕ್ಕ ಕುರ್ಚಿ ಎಳೆದುಕೊಂಡು, ಸೇವಾ ಪುಸ್ತಕ ತೆರೆದು, ಅಲ್ಲೇ ಕರಡು ಆದೇಶ ಬರೆಸುತ್ತೇನೆ. ಕೊಡುವುದಿದ್ದರೆ ಕೊಡುವುದು, ಇಲ್ಲದಿದ್ದರೆ ನಿಯಮ ಹೇಳಿ, ಕಾರಣ ಬರೆದು ತಿರಸ್ಕರಿಸುವುದು. ಆಶ್ಚರ್ಯ ಅಂದರೆ, ತಿರಸ್ಕರಿಸಿದವರಲ್ಲೂ ಬಹಳ ಜನ ಕೋರ್ಟಿಗೆ ಹೋಗಲಿಲ್ಲ.

ದುಡ್ಡಿನ ವಿಷಯದಲ್ಲಿ ಮಾತ್ರ ಗಾಡಿ ನಿಂತಿತು. "ಕೋರ್ಟ್ ಆದೇಶ ಇಲ್ಲದೆ ಕೊಟ್ಟರೆ ಆಡಿಟ್‌ನವರು ಆಕ್ಷೇಪಣೆ ಹಾಕ್ತಾರೆ ಸರ್" ಅಂದರು ಹಣಕಾಸು ವಿಭಾಗದವರು. ಅವರ ಭಯ ಸುಳ್ಳಲ್ಲ. ನಾನು ಒಂದು ಹಳೇ ಗ್ರಾಚ್ಯುಟಿ (ಕೆಲಸ ಬಿಡುವಾಗ ಸೇವೆಗೆ ಕೊಡುವ ಇಡಿಗಂಟು) ಕಡತ ತೆಗೆದೆ. ದಿನಗೂಲಿ ಕೆಲಸಗಾರರೊಬ್ಬರು, 24 ವರ್ಷದ ಸೇವೆ, ಕೊನೆಯ ವೇತನ ತಿಂಗಳಿಗೆ ಸುಮಾರು 18,000. ತಿಂಗಳ ವೇತನವನ್ನು 26ರಿಂದ ಭಾಗಿಸಿ ದಿನದ ವೇತನ ತೆಗೆದು, ಸೇವೆಯ ಒಂದೊಂದು ವರ್ಷಕ್ಕೂ 15 ದಿನದ್ದು ಹಿಡಿದರೆ, ಒಟ್ಟು ಎರಡೂವರೆ ಲಕ್ಷದ ಹತ್ತಿರ. ಆಗ ಜಾರಿಯಲ್ಲಿದ್ದ 1972ರ ಗ್ರಾಚ್ಯುಟಿ ಕಾಯ್ದೆ ಪ್ರಕಾರ 30 ದಿನದಲ್ಲಿ ಕೊಡಬೇಕಿತ್ತು. ಮೂರು ವರ್ಷ ಎಳೆದದ್ದಕ್ಕೆ 10% ಬಡ್ಡಿ, ಅಂದರೆ ಮುಕ್ಕಾಲು ಲಕ್ಷ ಮೇಲೆ ಬಿತ್ತು. ಮೇಲ್ಮನವಿ ಹಾಕಲು ಪೂರ್ತಿ ಮೊತ್ತ ಮೊದಲೇ ಠೇವಣಿ ಇಡಬೇಕಿತ್ತು. ವಕೀಲರ ಫೀಸು ಬೇರೆ. ಇದನ್ನೆಲ್ಲ ಒಂದೇ ಹಾಳೆಯಲ್ಲಿ ಬರೆದು, "ಈ ಬಡ್ಡಿ ಯಾಕೆ ಕಟ್ಟಿದಿರಿ ಅಂತ ಆಡಿಟ್‌ನವರು ಕೇಳಿದರೆ?" ಅಂದೆ. ಮುಂದಿನ ಕಡತಕ್ಕೆ ಸಹಿ ಬಿತ್ತು. ಈಗ ಪ್ರತಿ ಪಾವತಿ ಟಿಪ್ಪಣಿಗೂ ಅಂಥದ್ದೊಂದು ಹಾಳೆ ಸೇರಿಸುತ್ತೇನೆ. ಅದರ ಮೊದಲ ಸಾಲು ಏನು ಅನ್ನುವುದನ್ನು ಇಲ್ಲಿ ಬಿಟ್ಟುಕೊಡುವುದಿಲ್ಲ. ಅದು ನನ್ನ ಆಸ್ತಿ!

ನಡುವೆ ಬೇರೆ ಪ್ರಯೋಗಗಳೂ ಆದವು. ನೇಮಕಾತಿ ಪಟ್ಟಿ ಹೊರಡುವ ಮುಂಚೆ, ನಮ್ಮ ಮಾತು ಕೇಳದೆ ತಡೆಯಾಜ್ಞೆ ಕೊಡಬೇಡಿ ಅಂತ ಕೋರ್ಟಿನಲ್ಲಿ ಕೇವಿಯಟ್ ಹಾಕಿದೆವು. ಪಟ್ಟಿ ತಡವಾಯಿತು, ಕೇವಿಯಟ್‌ನ 90 ದಿನದ ಅವಧಿ ಸುಮ್ನೆ ಮುಗಿದುಹೋಯಿತು. ಉತ್ತರ ಪತ್ರಿಕೆ ನೋಡುವ ಹಕ್ಕು ವಿದ್ಯಾರ್ಥಿಗಿದೆ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ ಅಲ್ವಾ? ಕೇಳಿದವರಿಗೆ ಮಾಹಿತಿ ಹಕ್ಕಿನ ಅರ್ಜಿ ಬರೆಸದೆ ಪ್ರತಿ ಕೊಡಲು ಶುರು ಮಾಡಿದೆವು. ಜಗಳ ಇಳಿಯಿತು. ಝೆರಾಕ್ಸ್ ಕೆಲಸಕ್ಕೆ ಪರೀಕ್ಷಾ ವಿಭಾಗ ಸುಸ್ತಾಗಿ, ಈಗ ಸ್ಕ್ಯಾನ್ ಮಾಡುತ್ತಿದ್ದಾರೆ.

ಜ್ಯೇಷ್ಠತೆಯ ತಕರಾರಿನಲ್ಲಿ, ಮನವಿಗೆ ಮೊದಲೇ ಆದೇಶ ಕೊಡುವ ಈ ಉಪಾಯ ನಡೆಯುವುದಿಲ್ಲ. ಒಬ್ಬರ ಪರ ಆದೇಶ ಮಾಡಿದರೆ ಇನ್ನೊಬ್ಬರು ಕೋರ್ಟಿಗೆ ಹೋಗಿಯೇ ಹೋಗುತ್ತಾರೆ. ದಿನಗೂಲಿಯವರ ಕಾಯಮಾತಿ ಕೇಳಿದರೂ ನಿಯಮದ ನೇಮಕಾತಿ ಇಲ್ಲದೆ ಸೇರಿದವರಿಗೆ ಕಾಯಮಾತಿಯ ಹಕ್ಕಿಲ್ಲ ಅಂದ ಸುಪ್ರೀಂ ಕೋರ್ಟಿನ 2006ರ ಉಮಾದೇವಿ ತೀರ್ಪು ಎದುರಿಗೆ ನಿಲ್ಲುತ್ತದೆ. ಅಂಥ ಕಡತಗಳಲ್ಲಿ ದಾಖಲೆಗಳನ್ನು ಮೊದಲೇ ಜೋಡಿಸಿ ಇಡುತ್ತೇವೆ, ಅಷ್ಟೇ.

ಈಗ ಪಿಂಚಣಿಗೆ ಕೈ ಹಾಕಿದ್ದೇನೆ. ನಿವೃತ್ತಿಗೆ ವರ್ಷ ಇರುವಾಗಲೇ ಸೇವಾ ಪುಸ್ತಕ ತರಿಸಿ, ಬಿಟ್ಟುಹೋದ ನಮೂದುಗಳನ್ನು ಆ ನೌಕರರ ಎದುರೇ ತುಂಬಿಸುತ್ತಿದ್ದೇವೆ. ಈ ಸಲ ಹಣಕಾಸು ವಿಭಾಗದವರೇ ಪಟ್ಟಿ ಮಾಡಿ ಕಳಿಸಿದ್ದಾರೆ.