ಆರು ಫಿರಂಗಿ, ಒಂದು ನದಿ: ನಾನು ಕೆತ್ತಿದ ವೀರಗಲ್ಲು

ನಮ್ಮದು ಮಾಲೂರು ತಾಲ್ಲೂಕಿನ ಶಿವಾರಪಟ್ಟಣ. ಊರೊಳಗೆ ಕಾಲಿಟ್ಟರೆ ಸಾಕು, ಉಳಿ ಸದ್ದು ಕೇಳಿಸುತ್ತದೆ. ಗಣಪತಿ, ಆಂಜನೇಯ, ಅಮ್ಮನವರು, ಬುದ್ಧ, ಎಲ್ಲರೂ ಇಲ್ಲೇ ಕಲ್ಲಿನಿಂದ ಎದ್ದು ಬರುತ್ತಾರೆ. ಅಪ್ಪನ ಹತ್ತಿರ ನಾನು ಉಳಿ ಹಿಡಿದಿದ್ದು ಹನ್ನೊಂದನೇ ವಯಸ್ಸಿಗೆ. ಅಲ್ಲಿಂದ ಎಷ್ಟು ದೇವರನ್ನು ಕೆತ್ತಿದ್ದೇನೋ ಲೆಕ್ಕ ಇಟ್ಟಿಲ್ಲ. ವೀರಗಲ್ಲು ಮಾತ್ರ ಒಂದೇ ಒಂದು. ಅದನ್ನು ನೋಡಿದ ಮೇಲೆ ಬೇರೆ ಊರಿನವರೂ ಬಂದು "ನಮಗೂ ಒಂದು ಮಾಡಿಕೊಡಿ" ಎಂದು ಕೇಳುತ್ತಿದ್ದಾರೆ. ಅದಕ್ಕೇ ಹೇಗೆ ಮಾಡಿದೆ ಅಂತ ಬರೆದಿಡುತ್ತಿದ್ದೇನೆ.

ಮೊದಲು ಕೇಳಿಕೊಂಡು ಬಂದವರು ಒಬ್ಬ ನಿವೃತ್ತ ಸುಬೇದಾರರು. ನಮ್ಮ ಕಡೆಯವರೇ, ಸೈನ್ಯದಲ್ಲಿ ಪ್ಯಾರಾಶೂಟ್‌ನಲ್ಲೂ ಇಳಿದು ಹೋರಾಡುವ ಪ್ಯಾರಾ ಕಮಾಂಡೊ ಪಡೆಯಲ್ಲಿದ್ದವರು. ಅಂಗಳದಲ್ಲಿ ಒಣಗುತ್ತಿದ್ದ ಹುರುಳಿ ದಾಟಿ ಬಂದು, ಅರ್ಧ ಆದ ನಂದಿಯ ಪಕ್ಕ ಕುಳಿತರು.

"ಆಚಾರ್ರೇ, ನನಗೆ ದೇವರ ವಿಗ್ರಹ ಬೇಡ. ಒಂದು ವೀರಗಲ್ಲು ಬೇಕು. 71ರ ಯುದ್ಧದಲ್ಲಿ ನಾನಿರಲಿಲ್ಲ, ಆಮೇಲೆ ಸೇರಿದವನು. ನನಗೆ ಕೆಲಸ ಕಲಿಸಿದವರು ಇದ್ದರು."

ಕಾಫಿ ಆರುವ ತನಕ ಅವರು ಕತೆ ಹೇಳಿದರು. ನಮ್ಮ ಸೈನ್ಯದ ಕಮಾಂಡೊ ಪಡೆಗೆ ಬೇರು ಪಾಕಿಸ್ತಾನದ ಜೊತೆಗಿನ 1965ರ ಯುದ್ಧದಲ್ಲಿದೆ. ಮೇಜರ್ ಮೇಘ್ ಸಿಂಗ್ ಎಂಬ ಅಧಿಕಾರಿ, ತಾವಾಗಿಯೇ ಮುಂದೆ ಬಂದ ಸೈನಿಕರನ್ನು ಕಟ್ಟಿಕೊಂಡು ಶತ್ರುವಿನ ಗಡಿಯೊಳಗೆ ನುಗ್ಗಿ ಬರುತ್ತಿದ್ದರು. ಅದಕ್ಕೆ ಮೇಘದೂತ ಪಡೆ ಅಂತ ಹೆಸರು. ಅದು ಫಲ ಕೊಟ್ಟಿದ್ದರಿಂದ 1966ರಲ್ಲಿ 9 ಪ್ಯಾರಾ ಕಮಾಂಡೊ ಹುಟ್ಟಿತು. ಮರುವರ್ಷ ಅದರಿಂದಲೇ ಒಂದು ಭಾಗ ಬಿಡಿಸಿ 10 ಪ್ಯಾರಾ ಕಮಾಂಡೊ ಮಾಡಿದರು. ಒಂಬತ್ತು ಬೆಟ್ಟಕ್ಕೆ, ಹತ್ತು ಮರಳುಗಾಡಿಗೆ.

ಹತ್ತನೆಯದು 1971ರ ಡಿಸೆಂಬರ್‌ನಲ್ಲಿ ಲೆಫ್ಟಿನೆಂಟ್ ಕರ್ನಲ್ ಭವಾನಿ ಸಿಂಗ್ ಜೊತೆ ಜೀಪಿನಂಥ ಜೋಂಗಾ ಗಾಡಿಗಳಲ್ಲಿ ಥಾರ್ ಮರುಭೂಮಿ ದಾಟಿ ಸಿಂಧ್‌ನ ಛಾಛ್ರೊ ಹಿಡಿಯಿತು. ತಮ್ಮವರಲ್ಲಿ ಒಬ್ಬರನ್ನೂ ಕಳೆದುಕೊಳ್ಳದೆ ವಾಪಸ್ ಬಂತು. ಅದನ್ನು ಹೇಳುವಾಗ ಸುಬೇದಾರರ ಮುಖ ಅರಳಿತು.

ಒಂಬತ್ತನೆಯದರ ಕತೆ ಹೇಳುವಾಗ ದನಿ ಇಳಿಯಿತು. ಪೂಂಛ್ ಹತ್ತಿರ, ಗಡಿಯಾಚೆ ಮಂಧೋಲ್ ಎಂಬ ಹಳ್ಳಿ. ಅಲ್ಲಿ ಬೆಟ್ಟದ ಮರೆಯಲ್ಲಿ ಆರು ಫಿರಂಗಿ, 122 ಎಂಎಂನವು. ನಮ್ಮ ನೆಲೆಗಳ ಮೇಲೆ ಬಿಡದೆ ಗುಂಡು ಸುರಿಸುತ್ತಿದ್ದವು. ಡಿಸೆಂಬರ್ 13ರ ರಾತ್ರಿ ಒಂಬತ್ತರ ಚಾರ್ಲಿ ಎಂಬ ತಂಡ ಪೂಂಛ್ ನದಿಗೆ ಇಳಿಯಿತು. ಹಿಮಾಲಯದ ತಪ್ಪಲಿನ ನದಿ, ಡಿಸೆಂಬರ್ ತಿಂಗಳ ನೀರು. ನದಿ ದಾಟಿ ಹೋಗಿ, ಆರು ಫಿರಂಗಿಗೆ ಆರು ಗುಂಪಾಗಿ, ಕೈಗೆ ಕೈ ಹತ್ತುವ ಹಾಗೆ ಹೊಡೆದಾಡಿ, ಆರನ್ನೂ ಸಿಡಿಮದ್ದು ಇಟ್ಟು ಒಡೆದರು. ಎಲ್ಲರೂ ವಾಪಸ್ ಬರಲಿಲ್ಲ.

"ಆ ವಾಪಸ್ ಬರದವರಿಗೆ ಕಲ್ಲು" ಎಂದರು.

ನಾನು ಒಪ್ಪಿಕೊಂಡೆ. ಒಪ್ಪಿಕೊಂಡ ಮೇಲೆ ಭಯ ಆಯಿತು. ದೇವರಿಗಾದರೆ ಮೈಯ ಅಳತೆ ಹೇಳುವ ತಾಳಮಾನ ಇದೆ, ಧ್ಯಾನ ಶ್ಲೋಕ ಇದೆ, ಅಪ್ಪ ಹಾಕಿಕೊಟ್ಟ ಅಳತೆ ಇದೆ. ಇದಕ್ಕೆ ಏನಿದೆ?

ಇದಕ್ಕೂ ಇದೆ, ನಮ್ಮ ಜಿಲ್ಲೆಯ ತುಂಬ ಇದೆ. ಕೋಲಾರದ ಕಡೆ ಕೆರೆ ಏರಿ, ಊರ ಬಾಗಿಲು, ಹೊಲದ ಬದು, ಎಲ್ಲಿ ನೋಡಿದರೂ ಒಂದು ವೀರಗಲ್ಲು. ಗಂಗರ ಕಾಲದ್ದು, ನೊಳಂಬರ ಕಾಲದ್ದು. ಚಿಕ್ಕವನಿದ್ದಾಗ ಅದರ ಮೇಲೆ ಕುಡುಗೋಲು ಮಸೆಯುವುದನ್ನೂ ನೋಡಿದ್ದೇನೆ, ಬೇಜಾರಾಗುತ್ತದೆ. ನಾನು ಎರಡು ವಾರ ಉಳಿ ಮುಟ್ಟಲಿಲ್ಲ. ಹಳಗನ್ನಡ ಓದಬಲ್ಲ ಒಬ್ಬ ಮೇಷ್ಟ್ರನ್ನು ಬೈಕ್ ಹಿಂದೆ ಕೂರಿಸಿಕೊಂಡು ಕಲ್ಲಿಂದ ಕಲ್ಲಿಗೆ ತಿರುಗಿದೆ. ಒಂದು ಬಾಟಲಿ ನೀರು, ತೆಂಗಿನ ನಾರು, ಒಂದಿಷ್ಟು ಸುಣ್ಣದ ಪುಡಿ. ಕಲ್ಲು ತೊಳೆದು, ಅಕ್ಷರದ ಮೇಲೆ ಪುಡಿ ಸವರಿದರೆ ಸಾವಿರ ವರ್ಷದ ಮಾತು ಕಾಣಿಸುತ್ತದೆ. (ಪುಡಿಯನ್ನು ಆಮೇಲೆ ತೊಳೆದು ಬರಬೇಕು. ಪೇಂಟ್ ಅಂತೂ ಹಚ್ಚಲೇಬಾರದು.)

ಹಳೇ ಕಲ್ಲುಗಳಲ್ಲಿ ಸಾಮಾನ್ಯವಾಗಿ ಮೂರು ಅಂಕಣ. ಕೆಳಗೆ ಕಾಳಗ. ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು. ಮೇಲೆ ಲಿಂಗದ ಮುಂದೆ ಕುಳಿತ ವೀರ, ಪಕ್ಕದಲ್ಲಿ ಸೂರ್ಯ ಚಂದ್ರ. ಅದು ನನಗೆ ಗೊತ್ತಿತ್ತು. ಗೊತ್ತಿಲ್ಲದ್ದು ಮಾತು. ಒಂದು ಕಲ್ಲಿನ ಮುಂದೆ ಮೇಷ್ಟ್ರು ಬೆರಳಿಟ್ಟು ಓದಿದರು: "ತುರುವಂ ಮಗುಳ್ಚಿ ಸತ್ತಂ." ಹಸುಗಳನ್ನು ಬಿಡಿಸಿ ತಂದು ಸತ್ತ. ಅಷ್ಟೇ. ಶೂರ, ಧೀರ, ಅಮರ ಅಂತ ಏನೂ ಇಲ್ಲ. ಆ ಮನುಷ್ಯ ಏನು ಮಾಡಿದ ಅಂತ ಹೇಳಿ ಸುಮ್ಮನಾಗಿದ್ದಾರೆ. ಸಾವಿರ ವರ್ಷ ಆದ ಮೇಲೆ ಅವನ ಊರು ಯಾವುದೋ, ರಾಜ ಯಾರೋ, ನನಗೇನೂ ಗೊತ್ತಿಲ್ಲ. ಆದರೆ ಹಸು ಬಿಡಿಸಿ ಸತ್ತ ಎನ್ನುವುದು ಎದೆಗೆ ನಾಟಿತು. ನಮ್ಮ ಕಲ್ಲೂ ಹೀಗೇ ಮಾತಾಡಬೇಕು ಅಂತ ಅವತ್ತೇ ನಿರ್ಧಾರ ಮಾಡಿದೆ.

ಆದರೆ ಕಲ್ಲಿಗೆ ದುಡ್ಡು ಕೂಡಿಸಿದವರು ಒಂದು ಪುಟ ಬರೆದು ತಂದಿದ್ದರು. ಭಾರತಾಂಬೆಯ ವೀರಪುತ್ರರು, ತ್ಯಾಗಮೂರ್ತಿಗಳು, ಹೀಗೆ ಹನ್ನೆರಡು ಸಾಲು. ಅದರಲ್ಲಿ ನದಿ ಇರಲಿಲ್ಲ, ಫಿರಂಗಿ ಇರಲಿಲ್ಲ. ಪ್ರೀತಿಯಿಂದ ಬರೆದಿದ್ದರು, ಅದರಲ್ಲಿ ಅನುಮಾನ ಇಲ್ಲ. ಆದರೆ ಆ ಮಾತನ್ನು ಯಾವ ಸೈನಿಕನ ಕಲ್ಲಿಗೆ ಬೇಕಾದರೂ ಹಾಕಬಹುದು, ಅಲ್ವಾ? ಎರಡು ಸಂಜೆ ಚರ್ಚೆ ಆಯಿತು. ಕೊನೆಗೆ ಸುಬೇದಾರರೇ ಒಂದು ಸಾಲು ಹೇಳಿದರು, ಅದನ್ನೇ ಕೆತ್ತಿದೆ: "1971ರ ಡಿಸೆಂಬರ್ 13ರ ರಾತ್ರಿ ಪೂಂಛ್ ನದಿ ದಾಟಿ ಮಂಧೋಲಿನ ಆರು ಫಿರಂಗಿ ಒಡೆದವರಲ್ಲಿ ಮರಳಿ ಬಾರದವರು."

ಇನ್ನು ಕಲ್ಲು. ನಾವು ಮೂರ್ತಿಗೆ ಜಾಸ್ತಿ ಬಳಸುವುದು ಕೃಷ್ಣಶಿಲೆ. ಬೆಣ್ಣೆಯ ಹಾಗೆ ಕೆತ್ತಬಹುದು, ಒಡವೆಯ ಸಣ್ಣ ಕೆಲಸವೂ ಬರುತ್ತದೆ. ಆದರೆ ಬಯಲಲ್ಲಿ ನಿಲ್ಲುವ ಕಲ್ಲಿಗೆ ಅದು ಬೇಡ, ಮೊಳೆಯಲ್ಲಿ ಗೀಚಿದರೂ ಗೆರೆ ಬೀಳುತ್ತದೆ. ಗ್ರಾನೈಟ್ ತೆಗೆದುಕೊಂಡೆ. ಸುತ್ತಿಗೆಯಿಂದ ಉದ್ದಕ್ಕೂ ತಟ್ಟಿ ನೋಡಬೇಕು. ಗಂಟೆಯ ಹಾಗೆ ನಾದ ಬಂದರೆ ಒಳಗೆ ಸೀಳಿಲ್ಲ. ಸದ್ದು ಮಂಕಾದರೆ ಆ ಕಲ್ಲು ಬಿಡಿ. ಆರೂವರೆ ಅಡಿ ಉದ್ದ, ಎರಡೂವರೆ ಅಡಿ ಅಗಲ, ಎಂಟು ಇಂಚು ದಪ್ಪ. ತೂಕ 800 ಕೆಜಿ ಹತ್ತಿರ. ಒಂದೂವರೆ ಅಡಿ ನೆಲದೊಳಗೆ ಹೋಗುತ್ತದೆ, ಅದನ್ನು ಮೊದಲೇ ಲೆಕ್ಕ ಹಾಕಿ ಕೆಳಗೆ ಖಾಲಿ ಬಿಡಬೇಕು.

ಕಷ್ಟ ಆಗಿದ್ದು ಕೆಳಗಿನ ಅಂಕಣ. ನಾನು ಮೊದಲು ಸೈನಿಕರನ್ನು ಸಾಲಾಗಿ ನಿಲ್ಲಿಸಿದೆ. ಎದೆ ಸೆಟೆದು, ಬಂದೂಕು ನೇರ ಹಿಡಿದು, ಮುಖ ನಮ್ಮ ಕಡೆಗೆ. ಹನ್ನೆರಡು ದಿನದ ಕೆಲಸ. ಸುಬೇದಾರರು ಬಂದು ತುಂಬ ಹೊತ್ತು ನೋಡಿದರು.

"ಇದು ಜನವರಿ ಇಪ್ಪತ್ತಾರರ ಕವಾಯತು ಆಚಾರ್ರೇ. ಅವರು ಅವತ್ತು ಯಾರಿಗೂ ಕಾಣಬಾರದು ಅಂತ ಹೋದವರು."

ಅವರು ಹೇಳಿದ್ದು ಸರಿ. ಇನ್ನೊಂದು ವಿಷಯ ನನಗೇ ಚುಚ್ಚುತ್ತಿತ್ತು. ಆ ಮುಖಗಳು ಯಾರವು? ನಾನು ನೋಡಿಲ್ಲದ ಹುಡುಗರಿಗೆ ನನ್ನ ಕೈಗೆ ಬಂದ ಮೂಗು ಬಾಯಿ ಇಟ್ಟಿದ್ದೆ. ಅವರ ತಾಯಿ ನೋಡಿದರೆ ಏನಂದುಕೊಳ್ಳಬೇಕು? ಅಷ್ಟೂ ಅಂಕಣವನ್ನು ಒಂದಂಗುಲ ಒಳಕ್ಕೆ ತೆಗೆದು ಮತ್ತೆ ಶುರು ಮಾಡಿದೆ.

ಈ ಸಲ ಮೊದಲು ನದಿ. ಕಲ್ಲಿನಲ್ಲಿ ನೀರನ್ನು ತೋರಿಸಲು ನಮ್ಮ ಹಿರಿಯರ ಉಪಾಯ ಒಂದಿದೆ. ಅಲೆಅಲೆಯಾದ ಗೆರೆಗಳನ್ನು ಒಂದರ ಕೆಳಗೆ ಒಂದು ಎಳೆಯುವುದು. ಸಾಮಾನ್ಯವಾಗಿ ನಡುವೆ ಒಂದೆರಡು ಮೀನು. ಮೀನು ಬಿಟ್ಟೆ. ಗೆರೆಗಳನ್ನು ಬೆರಳು ಹೋಗುವಷ್ಟು ಆಳ ಮಾಡಿದೆ. ಮೇಲಿನ ಗೆರೆ ಸೈನಿಕರ ಎದೆ ಮಟ್ಟಕ್ಕೆ ಬರುತ್ತದೆ. ಕೈಗಳು ಮೇಲೆ, ಕೈಯಲ್ಲಿ ಬಂದೂಕು, ಬೆನ್ನಿಗೆ ಮದ್ದಿನ ಗಂಟು. ಎಲ್ಲರೂ ನಮಗೆ ಬೆನ್ನು ಮಾಡಿ ಆಚೆ ದಡಕ್ಕೆ ಹೋಗುತ್ತಿದ್ದಾರೆ. ಹಳೇ ವೀರಗಲ್ಲಿನಲ್ಲಿ ವೀರ ಉಳಿದವರಿಗಿಂತ ದೊಡ್ಡವನು. ಇಲ್ಲಿ ಎಲ್ಲರೂ ಒಂದೇ ಎತ್ತರ. ಮೂಲೆಯಲ್ಲಿ ಆರು ಫಿರಂಗಿ, ಅಂಗೈ ಅಗಲದವು.

ಇದಕ್ಕೂ ಒಂದು ತಕರಾರು ಬಂತು. ಊರಿನ ಹಿರಿಯರೊಬ್ಬರು ಸಿಟ್ಟಾದರು: "ಯೋಧ ಬೆನ್ನು ತೋರಿಸೋದಾ? ಎಂಥ ಅಪಶಕುನ!" ನಮ್ಮ ಭಾಷೆಯಲ್ಲಿ ಆ ಮಾತಿಗೆ ಓಡಿಹೋಗುವುದು ಎಂದೇ ಅರ್ಥ, ಅವರ ತಪ್ಪೇನಿಲ್ಲ. ಸುಬೇದಾರರು ಅವರ ಕೈ ಹಿಡಿದು ಕಲ್ಲಿನ ಮುಂದೆ ನಿಲ್ಲಿಸಿದರು. "ಯಜಮಾನ್ರೇ, ಬೆನ್ನು ನಮಗೆ. ಎದೆ ಯಾರಿಗೆ ಅಂತ ನೋಡಿ" ಎಂದರು. ಹಿರಿಯರು ಕನ್ನಡಕ ತೆಗೆದು ಒರೆಸಿಕೊಂಡರು. ಮತ್ತೆ ಆ ಮಾತು ಎತ್ತಲಿಲ್ಲ.

ಮಿಕ್ಕ ಎರಡು ಅಂಕಣ ಬೇಗ ಆದವು. ನಡುವಿನಲ್ಲಿ ಅಪ್ಸರೆಯರನ್ನು ಬಿಟ್ಟು ಬರಹ ಮತ್ತು ಹೆಸರು. ಮೇಲೆ ಸೂರ್ಯ ಚಂದ್ರ ಮಾತ್ರ. ಲಿಂಗ ಬೇಕೆಂದು ಕೆಲವರು ಕೇಳಿದರು. ಪಡೆಯಲ್ಲಿ ಎಲ್ಲ ಧರ್ಮದವರೂ ಇರುತ್ತಾರೆ, ಒಬ್ಬರ ದೇವರನ್ನು ಇಟ್ಟು ಇನ್ನೊಬ್ಬರದನ್ನು ಬಿಡುವುದು ಬೇಡ ಎಂದರು ಸುಬೇದಾರರು. ಕಮಾಂಡೊಗಳ ಬಲಿದಾನ ಬ್ಯಾಡ್ಜ್ ಕೆತ್ತಲೇ ಎಂದು ನಾನು ಕೇಳಿದೆ, ರೆಕ್ಕೆ ಇರುವ ಕಠಾರಿ, ನೋಡಲು ಚೆಂದ. ಅದಕ್ಕೂ ಬೇಡ ಎಂದರು. ಅದನ್ನು ಗಳಿಸಿದವರು ಮಾತ್ರ ಧರಿಸಬೇಕಂತೆ. ಅಂಥ ಕಡೆ ಕಲಾವಿದನ ಆಸೆ ಅಡ್ಡ ಬರಬಾರದು.

ಹೆಸರುಗಳಿಗೆ ಒಂದು ತಿಂಗಳು ಹಿಡಿಯಿತು. ದೆಹಲಿಯ ಇಂಡಿಯಾ ಗೇಟ್ ಹತ್ತಿರ 2019ರ ಫೆಬ್ರವರಿಯಲ್ಲಿ ಶುರುವಾದ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿ ಶುರುವಿನಲ್ಲೇ 25,942 ಹೆಸರುಗಳನ್ನು ಗ್ರಾನೈಟ್ ಮೇಲೆ ಕೆತ್ತಿದ್ದರು. ಕೆತ್ತುವವನಾಗಿ ಆ ಸಂಖ್ಯೆ ಕೇಳಿದರೇ ನನ್ನ ಮಣಿಕಟ್ಟು ನೋಯುತ್ತದೆ. ಆ ಪಟ್ಟಿಯಲ್ಲಿ ನನ್ನ ಮಗಳು ಹುಡುಕಿ ತೆಗೆದಳು, ಸುಬೇದಾರರು ತಮ್ಮ ಹಳೇ ಜೊತೆಗಾರರಿಗೆ ಫೋನ್ ಮಾಡಿ ತಾಳೆ ನೋಡಿದರು. ಬರೆದಿದ್ದನ್ನು ನೋಡಿ ಕನ್ನಡಕ್ಕೆ ಇಳಿಸಬೇಡಿ, ಬಾಯಲ್ಲಿ ಹೇಳಿಸಿ ಕೇಳಿ. ಉತ್ತರದ ಕಡೆಯ ಹೆಸರಿನಲ್ಲಿ ಎಲ್ಲಿ ದೀರ್ಘ, ಎಲ್ಲಿ ಮಹಾಪ್ರಾಣ ಎನ್ನುವುದು ಕಿವಿಗೇ ಗೊತ್ತಾಗಬೇಕು. ಕಲ್ಲಿನಲ್ಲಿ ಅಳಿಸಲು ಆಗುವುದಿಲ್ಲ. ಮೊದಲು ಕಾಗದ, ಆಮೇಲೆ ಕೆಮ್ಮಣ್ಣಿನಲ್ಲಿ ಕಲ್ಲಿನ ಮೇಲೆ, ಮೂವರು ಓದಿದ ಮೇಲೆ ಉಳಿ. ಈಗ ಅಕ್ಷರದ ಸ್ಟಿಕ್ಕರ್ ಅಂಟಿಸಿ ಯಂತ್ರದಿಂದ ಜೋರಾಗಿ ಮರಳು ಊದಿದರೆ ಒಂದು ಗಂಟೆಯಲ್ಲಿ ಎಲ್ಲ ಮುಗಿಯುತ್ತದೆ. ನಾನು ಕೈಯಲ್ಲೇ ಮಾಡಿದೆ, ದಿನಕ್ಕೆ ಒಂದೇ ಹೆಸರು. ಆ ದಿನವೆಲ್ಲ ಆ ಒಂದು ಹೆಸರೇ ಬಾಯಲ್ಲಿ ಇರುತ್ತಿತ್ತು. ಆ ಹೆಸರುಗಳನ್ನು ಇಲ್ಲಿ ಬರೆಯುವುದಿಲ್ಲ. ಕಲ್ಲಿನ ಮುಂದೆ ನಿಂತು ಓದಬೇಕು.

ಬೆಂಗಳೂರಿನ ರಾಷ್ಟ್ರೀಯ ಸೈನಿಕ ಸ್ಮಾರಕದಲ್ಲಿ 75 ಅಡಿ ಎತ್ತರದ ಕಲ್ಲು ನಿಲ್ಲಿಸಿ ಅದಕ್ಕೂ ವೀರಗಲ್ಲು ಎಂದೇ ಹೆಸರಿಟ್ಟಿದ್ದಾರೆ. ನಮ್ಮದು ನೆಲದ ಮೇಲೆ ಐದೇ ಅಡಿ. ನಿಂತವರ ಕಣ್ಣಿಗೆ ನೇರವಾಗಿ ಹೆಸರುಗಳು ಬರುತ್ತವೆ, ಮಕ್ಕಳಿಗೆ ನದಿ.

ವಿಜಯ ದಿವಸ ಅಂತ ಡಿಸೆಂಬರ್ 16ಕ್ಕೆ ನಿಲ್ಲಿಸೋಣ ಎಂದರು ಎಲ್ಲರೂ. ಸುಬೇದಾರರು 13ರ ರಾತ್ರಿಯೇ ಆಗಬೇಕೆಂದು ಹಟ ಹಿಡಿದರು. ಟ್ರ್ಯಾಕ್ಟರ್‌ನಲ್ಲಿ ತಂದು, ಜೆಸಿಬಿಯಿಂದ ಇಳಿಸಿ, ಕತ್ತಲಾದ ಮೇಲೆ ನಿಲ್ಲಿಸಿದೆವು. ಭಾಷಣ ಇರಲಿಲ್ಲ. ಅವರು ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರು. ಅಕ್ಷರ ನೆರಳಾಗಿ ಎದ್ದವು. ಒಂದೊಂದು ಹೆಸರಿಗೂ ಬೆರಳಿಟ್ಟು ಗಟ್ಟಿಯಾಗಿ ಓದಿದರು. ಓದಿ ಮುಗಿದ ಮೇಲೆ ಸೆಲ್ಯೂಟ್ ಹೊಡೆದು, ಕೈ ಇಳಿಸಲು ತುಂಬ ಹೊತ್ತು ತೆಗೆದುಕೊಂಡರು.

ಎರಡು ತಿಂಗಳು ಬಿಟ್ಟು ಹೋಗಿ ನೋಡಿದೆ. ಯಾರೋ ಅರಿಶಿನ ಕುಂಕುಮ ಇಟ್ಟಿದ್ದರು, ಎಣ್ಣೆ ದೀಪ ಹಚ್ಚಿದ್ದರು. ನದಿಯ ಗೆರೆಯೊಳಗೆ ಒಂದು ಕಣಗಿಲೆ ಹೂವು ಸಿಕ್ಕಿಸಿದ್ದರು. ಸುಬೇದಾರರಿಗೆ ಫೋನ್ ಮಾಡಿ ಒರೆಸಲೇ ಎಂದು ಕೇಳಿದೆ. "ಇರಲಿ ಬಿಡಿ ಆಚಾರ್ರೇ, ಊರು ಅವರನ್ನ ತನ್ನವರು ಅಂದುಕೊಳ್ತಾ ಇದೆ" ಎಂದರು. ದೀಪದ ಎಣ್ಣೆ ಮಾತ್ರ ಕೆಳಗಿನ ಸಾಲಿನ ಅಕ್ಷರಗಳಿಗೆ ಇಳಿದು ಧೂಳು ಕಟ್ಟುತ್ತಿದೆ. ದೀಪ ಇಡಲು ಮುಂದೆ ಒಂದು ಚಿಕ್ಕ ಹಾಸುಕಲ್ಲು ಹಾಕಬೇಕು. ಆ ಕಲ್ಲು ಈಗ ನನ್ನ ಅಂಗಳದಲ್ಲಿದೆ, ಮೊನ್ನೆ ತಟ್ಟಿ ನೋಡಿದೆ, ನಾದ ಚೆನ್ನಾಗಿದೆ.