ನಂದಿ ತಪ್ಪಲಿನ ಕೆಂಪು ವೈನ್: ಒಗರು ನೋಡಿ ಊಟ ಹಾಕಿ

ನೇರಳೆ ಹಣ್ಣು ತಿಂದ ಮೇಲೆ ನಾಲಗೆ ದೊರಗಾಗಿ ಕೆನ್ನೆ ಒಳಗೆ ಎಳೆದಂತಾಗುತ್ತದಲ್ಲ, ಅದು ಒಗರು. ಕೆಂಪು ವೈನಿನಲ್ಲಿ ಇದನ್ನು ಕೊಡುವ ಅಂಶವೇ ಟ್ಯಾನಿನ್. ದ್ರಾಕ್ಷಿಯ ಸಿಪ್ಪೆ, ಬೀಜ ಮತ್ತು ವೈನ್ ಇಡುವ ಓಕ್ ಮರದ ಪೀಪಾಯಿಯಿಂದ ಬರುತ್ತದೆ. ಊಟಕ್ಕೆ ವೈನ್ ಹೊಂದುತ್ತದೋ ಇಲ್ಲವೋ ಅನ್ನುವುದು ಬಹುಪಾಲು ಈ ಒಗರು ಮತ್ತು ನಮ್ಮ ಅಡುಗೆಯ ಖಾರದ ಜಗಳ.

ಬಾಟಲಿ ಕೊಳ್ಳುವಾಗ ಲೇಬಲ್ಲಿನಲ್ಲಿ ಕ್ಯಾಬರ್ನೆ ಸುವಿನ್ಯೋ, ಶಿರಾಜ್ ಎಂಬ ದ್ರಾಕ್ಷಿ ತಳಿಗಳ ಹೆಸರು ಅಥವಾ ಎರಡರ ಮಿಶ್ರಣ ಇದೆಯೇ ನೋಡಿ. ನಂದಿ ಬೆಟ್ಟದ ತಪ್ಪಲಿನ ದೊಡ್ಡಬಳ್ಳಾಪುರದಲ್ಲಿ 1988ರಲ್ಲಿ ಶುರುವಾದ ಗ್ರೋವರ್ ವೈನ್ ಕಂಪನಿಯ ‘ಲಾ ರಿಸರ್ವ್’ ಇದೇ ಮಿಶ್ರಣ. ‘ಪೋರ್ಟ್’ ಹೆಸರಿನ ಸಿಹಿ ವೈನ್ ಈ ಕೆಲಸಕ್ಕೆ ಬೇಡ, ಸಕ್ಕರೆ ಒಗರನ್ನೇ ಮುಚ್ಚಿಬಿಡುತ್ತದೆ. ಅಂಗಡಿಯ ಕಿಟಕಿಯಲ್ಲಿ ಬಿಸಿಲಿಗೆ ನಿಂತ ಬಾಟಲಿ, ಕಾರ್ಕ್ ಮೇಲಕ್ಕೆ ಉಬ್ಬಿದ ಬಾಟಲಿ ಎರಡನ್ನೂ ಬಿಡಿ. ಬಿಸಿಗೆ ಬೆಂದ ವೈನಿನಲ್ಲಿ ತಾಜಾ ಹಣ್ಣು ಹೋಗಿ ಜಾಮ್ ಕುದಿಸಿದ ವಾಸನೆ ಉಳಿಯುತ್ತದೆ.

‘ಕೆಂಪು ವೈನನ್ನು ರೂಮ್ ಟೆಂಪರೇಚರಿನಲ್ಲಿ ಕುಡಿಯಬೇಕು’ ಅನ್ನುವ ಮಾತು ತಂಪು ದೇಶದ ಕೋಣೆಗೆ ಸರಿ. ಏಪ್ರಿಲ್ ತಿಂಗಳ ಬೆಂಗಳೂರಿನಲ್ಲಿ 28 ಡಿಗ್ರಿಯ ವೈನ್ ಸುರಿದರೆ ಮೂಗಿಗೆ ಆಲ್ಕೋಹಾಲ್ ಬಿಟ್ಟು ಬೇರೇನೂ ಸಿಗದು. 16ರಿಂದ 18 ಡಿಗ್ರಿ ಬೇಕು. ಅದಕ್ಕೆ ಫ್ರಿಜ್ಜಿನಲ್ಲಿ ಒಂದೂವರೆ ಗಂಟೆ, ಅವಸರವಿದ್ದರೆ ಐಸ್ ಮತ್ತು ನೀರು ಬೆರೆಸಿದ ಬಕೆಟ್ಟಿನಲ್ಲಿ 15 ನಿಮಿಷ. ತೀರಾ ತಣ್ಣಗಾದರೆ ಒಗರು ಕಹಿಗೆ ತಿರುಗುತ್ತದೆ. ಆಗ ಗ್ಲಾಸನ್ನು ಅಂಗೈಯಲ್ಲಿ ಐದು ನಿಮಿಷ ಹಿಡಿದರಾಯಿತು.

ಬಾಯಿ ಕಿರಿದಾದ ದೊಡ್ಡ ಗ್ಲಾಸಿಗೆ 60 ಮಿ.ಲೀ. ಮಾತ್ರ ಹಾಕಿ. ಬಿಳಿ ಹಾಳೆಯ ಮೇಲೆ ಓರೆ ಮಾಡಿ ಅಂಚು ನೋಡಿ: ನೇರಳೆ ಛಾಯೆಯಿದ್ದರೆ ಎಳೆಯ ವೈನ್, ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದರೆ ವಯಸ್ಸಾಗಿದೆ. ಅಲುಗಿಸುವ ಮೊದಲು ಒಮ್ಮೆ, ಗ್ಲಾಸ್ ತಿರುಗಿಸಿ ಇನ್ನೊಮ್ಮೆ ಮೂಸಿ. ಶಿರಾಜ್‌ನಲ್ಲಿ ಕರಿಮೆಣಸು ಸಿಗಬಹುದು. ಕ್ಯಾಬರ್ನೆಯಲ್ಲಿ ದೊಣ್ಣೆ ಮೆಣಸಿನಕಾಯಿ ಹೆಚ್ಚಿದಾಗಿನ ಹಸಿರು ವಾಸನೆ ಜೋರಾಗಿದ್ದರೆ ಸಾಮಾನ್ಯವಾಗಿ ಹಣ್ಣು ಪೂರ್ತಿ ಮಾಗಿಲ್ಲ ಎಂದರ್ಥ. ಲವಂಗ, ವೆನಿಲ್ಲಾ ಓಕ್‌ನ ಕೊಡುಗೆ. ಒದ್ದೆ ರಟ್ಟಿನ ವಾಸನೆ ಬಂದರೆ ಕಾರ್ಕ್ ಕೆಟ್ಟಿದೆ, ಎಷ್ಟು ಹೊತ್ತು ಗಾಳಿಗಿಟ್ಟರೂ ಸರಿಹೋಗದು. ಕಡ್ಡಿ ಗೀರಿದಂಥ ಅಥವಾ ಕೊಳೆತ ಮೊಟ್ಟೆಯಂಥ ಗಂಧಕದ ವಾಸನೆ ಮಾತ್ರ ಹತ್ತು ನಿಮಿಷ ಅಲುಗಿಸಿದರೆ ಎಷ್ಟೋ ಸಲ ಹೋಗಿಬಿಡುತ್ತದೆ. ಅದಕ್ಕೇ ಬಾಟಲಿ ಎಸೆಯಬೇಡಿ.

ಒಂದು ಗುಟುಕನ್ನು ಬಾಯಲ್ಲಿ ಹತ್ತು ಸೆಕೆಂಡ್ ಆಡಿಸಿ. ನಾಲಗೆಯ ಅಂಚಿನಲ್ಲಿ ನೀರೂರಿದರೆ ಹುಳಿ, ವಸಡು ಒಣಗಿದರೆ ಒಗರು, ಗಂಟಲು ಬೆಚ್ಚಗಾದರೆ ಆಲ್ಕೋಹಾಲ್. ನಾಲ್ಕೈದು ವೈನ್ ನೋಡುವುದಿದ್ದರೆ ಉಗುಳಲು ಚೊಂಬು ಇಟ್ಟುಕೊಳ್ಳಿ, ಸಂಕೋಚ ಬೇಡ.

ಊಟ ಹಾಕುವ ಮೊದಲು ಒಂದು ತಟ್ಟೆಯಲ್ಲಿ ನಾಲ್ಕು ಚಿಟಿಕೆ ಇಡಿ: ಉಪ್ಪು, ಹುಣಸೆ ರಸ, ಬೆಲ್ಲ, ಮೆಣಸಿನಕಾಯಿ ಪುಡಿ. ಒಂದೊಂದನ್ನು ನಾಲಗೆಗೆ ತಾಕಿಸಿ ಒಂದು ಗುಟುಕು, ನಡುವೆ ನೀರು. ಉಪ್ಪಿನ ನಂತರ ಒಗರು ಮೆತ್ತಗಾಗುತ್ತದೆ. ಹುಣಸೆಯ ನಂತರ ವೈನಿನ ಹುಳಿ ಇಳಿದು ಸಪ್ಪೆ ಎನಿಸುತ್ತದೆ. ಬೆಲ್ಲದ ನಂತರ ಅದೇ ವೈನ್ ಕಹಿ, ಹುಳಿ. ಮೆಣಸಿನ ಪುಡಿಯ ನಂತರ ಆಲ್ಕೋಹಾಲ್ ಉರಿಗೆ ತುಪ್ಪ ಸುರಿದ ಹಾಗೆ! ಮೆಣಸಿನ ಪುಡಿಯನ್ನು ಕೊನೆಗಿಡಿ, ಇಲ್ಲದಿದ್ದರೆ ಉಳಿದವು ತಿಳಿಯುವುದಿಲ್ಲ. ಬಿಸಿಬೇಳೆಬಾತ್ ಜೊತೆ ಈ ವೈನ್ ಏಕೆ ಸೋಲುತ್ತದೆ ಅನ್ನುವುದು ಇಲ್ಲೇ ಗೊತ್ತಾಗುತ್ತದೆ: ಹುಣಸೆ, ಬೆಲ್ಲ, ಖಾರ ಮೂರೂ ಒಂದೇ ತಟ್ಟೆಯಲ್ಲಿವೆ.

ಹೊಂದುವುದು ಕೊಬ್ಬು ಮತ್ತು ಮಾಂಸ. ಅವು ಒಗರನ್ನು ಹಿಡಿದು ನಾಲಗೆ ತೊಳೆದಂತೆ ಮಾಡುತ್ತವೆ. ಕೊಡಗಿನ ಪಂದಿ ಕರಿ ಒಳ್ಳೆಯ ಜೋಡಿ, ಅದರ ಕರಿಮೆಣಸು ಶಿರಾಜ್‌ಗೆ ನೆಂಟ. ಆದರೆ ಅದಕ್ಕೆ ಹಾಕುವ ಕಪ್ಪು ಹುಳಿ ರಸ ಕಾಚಂಪುಳಿಯನ್ನು ಒಂದು ಕೆಜಿ ಮಾಂಸಕ್ಕೆ ಒಂದೇ ಚಮಚ ಹಾಕಿ, ಕೊನೆಯಲ್ಲಿ ರುಚಿ ನೋಡಿ ಹೆಚ್ಚಿಸಿ. ನಾಟಿ ಕೋಳಿ ಸಾರಿಗೆ ಗುಂಟೂರು ಬಿಟ್ಟು ಬ್ಯಾಡಗಿ ಮೆಣಸಿನಕಾಯಿ ಬಳಸಿದರೆ ಬಣ್ಣ ಉಳಿಯುತ್ತದೆ, ಖಾರ ಇಳಿಯುತ್ತದೆ. ರಾಗಿ ಮುದ್ದೆಯಿಂದ ತೊಂದರೆಯಿಲ್ಲ. ಮಾಂಸ ತಿನ್ನದವರಿಗೆ ಶೇಂಗಾ, ಎಳ್ಳು ತುಂಬಿದ ಎಣ್ಣೆಗಾಯಿ ಮತ್ತು ಜೋಳದ ರೊಟ್ಟಿ, ಹುಣಸೆ ಕಡಿಮೆ. ಅಣಬೆ ಹುರಿದರೆ ಉಪ್ಪು ಸರಿಯಾಗಿರಲಿ, ಇಲ್ಲದಿದ್ದರೆ ವೈನ್ ಕಹಿಯಾಗುತ್ತದೆ. ಬಂಗುಡೆ, ಬೂತಾಯಿ ಮಾತ್ರ ಬೇಡವೇ ಬೇಡ. ವೈನಿನಲ್ಲಿರುವ ಕಬ್ಬಿಣದ ಅಂಶ ಮೀನಿನ ಎಣ್ಣೆಗೆ ಸೇರಿ ಬಾಯಲ್ಲಿ ಕೌಲು ವಾಸನೆ ಉಳಿಸುತ್ತದೆ.

ಮಿಕ್ಕಿದ್ದನ್ನು ಕಾರ್ಕ್ ಬಿಗಿದು ಫ್ರಿಜ್ಜಿನಲ್ಲಿ ನಿಲ್ಲಿಸಿಡಿ, ಎರಡು ಮೂರು ದಿನ ತಾಳುತ್ತದೆ. ಅರ್ಧಕ್ಕಿಂತ ಕಡಿಮೆ ಉಳಿದಿದ್ದರೆ ಸಣ್ಣ ಬಾಟಲಿಗೆ ಕುತ್ತಿಗೆವರೆಗೆ ತುಂಬಿ, ಒಳಗೆ ಗಾಳಿ ಕಡಿಮೆಯಾದಷ್ಟೂ ನಿಧಾನ ಕೆಡುತ್ತದೆ.